ಇಂಗಳದಾಳಿನ ತಾಮ್ರವೂ ಕಡಲಡಿಯ ಜ್ವಾಲಾಮುಖಿಗಳೂ

ಎಲ್ಲೂರಿನ ಪಶ್ಚಿಮಕ್ಕೆ ಕಡಲು ದೂರವಿಲ್ಲ. ಮಲ್ಪೆಯ ಸೇಂಟ್ ಮೇರಿ ದ್ವೀಪಗಳ ಕಂಬಶಿಲೆಗಳು ಜ್ವಾಲಾಮುಖಿಜನ್ಯವೆಂಬುದು ಈ ಭಾಗದ ವಾಚಕರಿಗೆ ತಿಳಿದ ಸಂಗತಿ. ಆದರೆ ಕಡಲಡಿಯ ಜ್ವಾಲಾಮುಖಿ ಬಿಟ್ಟುಹೋದ ಅದಿರನ್ನು ಕಾಣಬೇಕಾದರೆ ನಾವು ಘಟ್ಟವನ್ನೇರಿ ಚಿತ್ರದುರ್ಗಕ್ಕೆ ಹೋಗಬೇಕು.

ಅದಿರು ಸಂಚಯವಾಗುವ ಕ್ರಮ ಹೀಗೆ: ಸಮುದ್ರತಳದ ಬಿರುಕುಗಳಲ್ಲಿ ಇಳಿದ ನೀರು ಶಿಲಾಪಾಕದ ಶಾಖದಿಂದ ಕಾದು, ಸುತ್ತಣ ಶಿಲೆಗಳಿಂದ ತಾಮ್ರ, ಸತು, ಕಬ್ಬಿಣಗಳನ್ನು ಕರಗಿಸಿಕೊಂಡು ಮೇಲೇರುತ್ತದೆ. ತಣ್ಣನೆಯ ಕಡಲನೀರನ್ನು ಕೂಡಿದೊಡನೆ ಆ ಲೋಹಗಳು ಗಂಧಕದೊಡನೆ ಸಂಯೋಗಗೊಂಡು ತಳದಲ್ಲಿ ನಿಲ್ಲುತ್ತವೆ. 1979ರಲ್ಲಿ ಪೂರ್ವ ಪೆಸಿಫಿಕ್ ಸಾಗರದಲ್ಲಿ ಸುಮಾರು 350 ಡಿಗ್ರಿ ಸೆಲ್ಸಿಯಸ್ ಶಾಖದ ಇಂಥ ಬುಗ್ಗೆಗಳನ್ನು ವಿಜ್ಞಾನಿಗಳು ಕಣ್ಣಾರೆ ಕಂಡರು. ನ್ಯೂಜಿಲೆಂಡಿನ ಉತ್ತರಕ್ಕಿರುವ ಕರ್ಮಡೆಕ್ ದ್ವೀಪಮಾಲೆಯ ಬ್ರದರ್ಸ್ ಜ್ವಾಲಾಮುಖಿಯಲ್ಲಿ ಈ ಕಾರ್ಯ ಇಂದಿಗೂ ನಡೆದಿದೆ.

ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಟ್ಟಿದಂತೆ ತೋರುವ ಲಾವಾಶಿಲೆಯುಂಟು. ನೀರಿನೊಳಗೆ ಹರಿದ ಲಾವಾ ಈ ರೂಪವನ್ನು ತಳೆಯುತ್ತದೆ; ಸುಮಾರು 250 ಕೋಟಿ ವರ್ಷಗಳ ಹಿಂದೆ ಅಲ್ಲಿ ನೀರಿದ್ದಿತೆಂಬುದಕ್ಕೆ ಅದೇ ಸಾಕ್ಷಿ. ಸಮೀಪದ ಇಂಗಳದಾಳಿನ ತಾಮ್ರದ ಅದಿರೂ ಪ್ರಾಚೀನ ಜ್ವಾಲಾಮುಖಿಶಿಲೆಗಳ ನಡುವೆಯೇ ಇದ್ದು, ಅದರ ಮೂಲವನ್ನು ಭೂವಿಜ್ಞಾನಿಗಳು ಕಡಲಡಿಯ ಬಿಸಿನೀರಿನಲ್ಲಿ ಕಾಣುತ್ತಾರೆ.

ಇತಿಹಾಸಕ್ಕೂ ಇಲ್ಲಿ ಕೆಲಸವುಂಟು. ಇಂಗಳದಾಳಿನಲ್ಲಿ ಹಳೆಯ ಗಣಿಕುಳಿಗಳ ಗುರುತುಗಳಿವೆ. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಉತ್ಖನನ ಮಾಡಿದ ಬ್ರಹ್ಮಗಿರಿಯಲ್ಲಿ ತಾಮ್ರದ ವಸ್ತುಗಳು ದೊರೆತುವು. ಇವೆರಡೂ ಒಂದೇ ಜಿಲ್ಲೆಯವೆಂಬ ಮಾತ್ರಕ್ಕೆ ಆ ತಾಮ್ರ ಈ ಗಣಿಯದೆಂದು ಬರೆದುಬಿಡುವುದು ಇತಿಹಾಸವಲ್ಲ. ಅದಿರಿನ ಸೀಸದ ಐಸೊಟೋಪುಗಳ ಪ್ರಮಾಣವು ಅದರಿಂದಾದ ಲೋಹದಲ್ಲಿಯೂ ಉಳಿದುಬರುವುದರಿಂದ, ಎರಡನ್ನೂ ಹೋಲಿಸಿ ನೋಡಲು ಸಾಧ್ಯ. ಹಳೆಯ ಕುಳಿಗಳು ಅಳಿದರೆ ಆ ಸಾಕ್ಷ್ಯವೂ ಅಳಿಯುತ್ತದೆ. ಶಾಸನಗಳನ್ನು ಕಾಯುವಂತೆ ಇವನ್ನೂ ಕಾಯಬೇಕೆಂಬುದು ನಮ್ಮ ವಿನಂತಿ.