ಸರ್ಕಾರ ಲೆಕ್ಕ ಒಪ್ಪಿಸೋದು ಎಲ್ಲಿ?

ಶಿವಮೊಗ್ಗದ ಹೊಸಮನೆ ಇರಲಿ, ಭದ್ರಾವತಿಯ ಹೊಸಮನೆ ಇರಲಿ, ನಾವು ವೋಟು ಹಾಕಿ ಆರಿಸೋದು ಶಾಸಕರನ್ನು, ಮುಖ್ಯಮಂತ್ರಿಯನ್ನಲ್ಲ. ಸಂವಿಧಾನದ 164ನೇ ವಿಧಿಯ ಪ್ರಕಾರ ಇಡೀ ಮಂತ್ರಿಮಂಡಲ ವಿಧಾನಸಭೆಗೆ ಹೊಣೆ.

ನಮ್ಮ ಜಿಲ್ಲೆಯ ಶಿಕಾರಿಪುರದಿಂದ ಗೆದ್ದ ಬಿ.ಎಸ್. ಯಡಿಯೂರಪ್ಪ ಮುಖ್ಯಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡಿದ್ದು 2018ರ ಮೇ 17ಕ್ಕೆ. ಬಹುಮತ ತೋರಿಸಲು ರಾಜ್ಯಪಾಲರು ಕೊಟ್ಟಿದ್ದು 15 ದಿನ. ಮರುದಿನವೇ ಸುಪ್ರೀಂ ಕೋರ್ಟ್ ಹೇಳಿತು: ನಾಳೆಯೇ ಸದನದಲ್ಲಿ ಸಾಬೀತಾಗಲಿ. 19ರಂದು, ಮತಕ್ಕೆ ಹಾಕುವ ಮೊದಲೇ, ಅವರು ರಾಜೀನಾಮೆ ಕೊಟ್ಟರು. ನಂತರ ಬಂದ ಎಚ್.ಡಿ. ಕುಮಾರಸ್ವಾಮಿ ಸರ್ಕಾರವೂ 2019ರ ಜುಲೈ 23ರಂದು ಅದೇ ಸದನದಲ್ಲಿ ಬಿತ್ತು. ಪರ 99, ವಿರುದ್ಧ 105.

ಇಷ್ಟು ಗಟ್ಟಿ ಕಟ್ಟಳೆ ನಮಗಿದೆ! ಆದರೆ ಬರೀ ಬಹುಮತದ ದಿನ ಟಿವಿ ಮುಂದೆ ಕೂತರೆ ಸಾಲದು. ಮುಂದಿನ ಅಧಿವೇಶನದ ಪ್ರಶ್ನೋತ್ತರವನ್ನೂ ನೋಡಿ. ನಮ್ಮೂರಿನ ಬಗ್ಗೆ ಏನು ಕೇಳಿದಿರಿ ಅಂತ ನಿಮ್ಮ ಶಾಸಕರನ್ನು ಕೇಳಿ.