ಚರ್ಮಕ್ಕೆ ಶ್ರುತಿ ತಂದ ಕರಣೆ

ತಮಟೆಯನ್ನು ಬೆಂಕಿಗೆ ಹಿಡಿದು ಎಷ್ಟೇ ಕಾಯಿಸಿದರೂ ಅದರ ಸದ್ದಿನಲ್ಲಿ ಷಡ್ಜ ಹುಡುಕಿ ಹಾಡಲಾಗದು. ಪಶ್ಚಿಮ ಆಫ್ರಿಕಾದ ಜೆಂಬೆಯೂ ಹೆಚ್ಚುಕಡಿಮೆ ಹಾಗೆಯೇ. ಇದು ಆ ವಾದ್ಯಗಳ ಕೊರತೆಯೇನಲ್ಲ, ಅವುಗಳ ಕೆಲಸವೇ ಬೇರೆ. ಆದರೆ ಮೃದಂಗದ ಬಲಮುಖದ ‘ನಂ’ ತಂಬೂರಿಯ ನಾದದೊಳಗೆ ಸಲೀಸಾಗಿ ಸೇರಿಕೊಳ್ಳುತ್ತದೆ. ಅಲ್ಲೂ ಚರ್ಮವೇ, ಇಲ್ಲೂ ಚರ್ಮವೇ. ಮೃದಂಗದಲ್ಲಿ ಹೆಚ್ಚಿಗೆ ಇರುವುದು ನಡುವಿನ ಆ ಕಪ್ಪು ವೃತ್ತ, ಕರಣೆ.

ತಂತಿ ಮೀಟಿದಾಗ ಮೂಲ ಕಂಪನದ ಜೊತೆಗೆ ಅದರ ಎರಡು, ಮೂರು, ನಾಲ್ಕು ಪಟ್ಟು ವೇಗದ ಕಂಪನಗಳೂ ಏಳುತ್ತವೆ. ಪೂರ್ಣಾಂಕಗಳ ಈ ಸಾಲನ್ನು ಕಿವಿ ಒಂದೇ ಸ್ವರವೆಂದು ಗ್ರಹಿಸುತ್ತದೆ. ಬಿಗಿದ ದುಂಡು ಚರ್ಮಕ್ಕೆ ಈ ಶಿಸ್ತಿಲ್ಲ. ಅದರ ಕಂಪನಗಳು ಮೂಲದ 1.59, 2.14, 2.30, 2.65 ಪಟ್ಟು ಎಂದು ಅಡ್ಡಾದಿಡ್ಡಿಯಾಗಿ ಸಾಗುತ್ತವೆ. ಕಿವಿಗೆ ಬೀಳುವುದು ಸ್ವರವಲ್ಲ, ಬರೀ ಸದ್ದು.

ಕೋಲ್ಕತ್ತದಲ್ಲಿದ್ದ ಸಿ.ವಿ. ರಾಮನ್ ಮತ್ತು ಶಿವಕಾಳಿ ಕುಮಾರ್ 1920ರಲ್ಲಿ ‘ನೇಚರ್’ ಪತ್ರಿಕೆಗೆ ಬರೆದದ್ದು ಕರಣೆ ಹಚ್ಚಿದ ಚರ್ಮಕ್ಕೆ ಈ ಶಿಸ್ತು ಬರುವುದರ ಬಗ್ಗೆಯೇ. ಮುಂದೆ ಬೆಂಗಳೂರಿಗೆ ಬಂದ ಮೇಲೆ, 1934ರಲ್ಲಿ, ರಾಮನ್ ಇನ್ನಷ್ಟು ವಿವರವಾಗಿ ಬರೆದರು. ಅವರ ಉಪಾಯ ಸರಳ: ವಾದ್ಯದ ಮುಖದ ಮೇಲೆ ನುಣ್ಣನೆಯ ಮರಳು ಉದುರಿಸಿ ಬಾರಿಸುವುದು. ಚರ್ಮ ಕುಣಿಯುವಲ್ಲಿಂದ ಮರಳು ಹಾರಿ, ಅಲುಗದ ಗೆರೆಗಳ ಮೇಲೆ ಹೋಗಿ ಕೂರುತ್ತದೆ. ಕಂಪನದ ನಕ್ಷೆಯೇ ಕಣ್ಣೆದುರು ಮೂಡುತ್ತದೆ. ಒಂಬತ್ತು ಬಗೆಯ ಕಂಪನಗಳು ಐದೇ ಸ್ವರಗಳಲ್ಲಿ ಬಂದು ಸೇರುವುದನ್ನು ಅವರು ಕಂಡರು. ಆ ಐದೂ ತಂತಿಯಲ್ಲಿರುವಂತೆಯೇ 1, 2, 3, 4, 5ರ ಲೆಕ್ಕದಲ್ಲಿದ್ದವು.

ಇದೆಲ್ಲ ಕರಣೆಯ ಭಾರದ ಕರಾಮತ್ತು. ಮೂಲ ಕಂಪನದಲ್ಲಿ ಹೆಚ್ಚು ಏರಿಳಿಯುವುದು ಚರ್ಮದ ನಡುಭಾಗ. ಅಲ್ಲಿ ಭಾರ ಕೂತರೆ ಆ ಕಂಪನ ಬಹಳ ನಿಧಾನವಾಗುತ್ತದೆ. ಅದರ ಮುಂದಿನ ಕಂಪನದಲ್ಲಿ ಚರ್ಮದ ಅರ್ಧ ಮೇಲೇರಿದಾಗ ಇನ್ನರ್ಧ ಕೆಳಗಿಳಿಯುತ್ತದೆ, ನಟ್ಟನಡು ಅಲುಗುವುದೇ ಇಲ್ಲ. ಹಾಗಾಗಿ ಅದಕ್ಕೆ ಭಾರದ ಬಿಸಿ ಅಷ್ಟಾಗಿ ತಟ್ಟದು. ಮೂಲ ಕಂಪನ ತಗ್ಗಿದ್ದರಿಂದ ಎರಡರ ನಡುವಿನ ಅಂತರ ಹಿಗ್ಗಿ, 1.59 ಇದ್ದದ್ದು 2ರ ಹತ್ತಿರ ಬರುತ್ತದೆ. ಕರಣೆ ಎಷ್ಟಗಲ ಇರಬೇಕು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಬಿ.ಎಸ್. ರಾಮಕೃಷ್ಣ ಮತ್ತು ಮನಮೋಹನ ಸೋಂಧಿ 1954ರಲ್ಲಿ ಇದನ್ನು ಗಣಿತದಿಂದ ಬಿಡಿಸಿದರು. ಅವರ ಮಾದರಿಯಲ್ಲಿ ಕರಣೆಯ ತ್ರಿಜ್ಯ ಇಡೀ ಮುಖದ ತ್ರಿಜ್ಯದ ಸುಮಾರು 0.4 ಪಾಲು. ಕರಣೆ ಹಾಕುವವರು ಈ ಅಳತೆಯ ಆಸುಪಾಸನ್ನು ಬರೀ ಕಿವಿಯಿಂದ ಯಾವತ್ತೋ ಹಿಡಿದಿದ್ದರು ಎನ್ನುವುದು ನನ್ನ ಮಟ್ಟಿಗೆ ರಾಮನ್ ಅವರ ಮರಳಿಗಿಂತ ದೊಡ್ಡ ಸಂಗತಿ.

ನುಡಿಸುವ ಬೆರಳುಗಳಿಗೂ ಈ ಗುಟ್ಟು ಗೊತ್ತು. ‘ನಂ’ ಬಾರಿಸುವಾಗ ಉಂಗುರದ ಬೆರಳು ಕರಣೆಯ ಅಂಚಿನಲ್ಲಿ ಹಗುರವಾಗಿ ಕೂತಿರುತ್ತದೆ, ತೋರುಬೆರಳು ಹೊರಗಿನ ಚರ್ಮದ ಬಳೆಯಾದ ಮೀಟಿನ ಮೇಲೆ ಬೀಳುತ್ತದೆ. ಕೂತ ಬೆರಳು ಮೂಲ ಕಂಪನವನ್ನು ಅಡಗಿಸಿ, ತನ್ನಡಿಯಲ್ಲಿ ಅಲುಗದ ಗೆರೆ ಇರುವ ಕಂಪನವನ್ನು ಮಾತ್ರ ಉಳಿಸಿಕೊಳ್ಳುತ್ತದೆ.

ಮೃದಂಗದ ಎಡಮುಖದ ಲೇಪ ತಾತ್ಕಾಲಿಕ ವ್ಯವಸ್ಥೆ: ಕಛೇರಿಗೆ ಮೊದಲು ರವೆ ಕಲಸಿ ಮೆತ್ತುತ್ತಾರೆ, ಮುಗಿದ ಮೇಲೆ ಕೆರೆದು ತೆಗೆಯುತ್ತಾರೆ. ಮ್ಯಾನ್ಮಾರ್‌ನ ‘ಪಟ್ ವೈಂಗ್’ ವಾದಕರು ತಮ್ಮ ಸುತ್ತಲಿನ 21 ಮದ್ದಳೆಗಳಿಗೆ ಅನ್ನ ಮತ್ತು ಬೂದಿ ಕಲಸಿ ಹಚ್ಚಿಯೇ ಶ್ರುತಿ ಕೂಡಿಸುವುದು. ಯುರೋಪಿನ ಟಿಂಪನಿಗೆ ಲೇಪವಿಲ್ಲ. ಅಲ್ಲಿ ಅಗಲವಾದ ಚರ್ಮ ತನ್ನೊಂದಿಗೆ ಅಲುಗಿಸಬೇಕಾದ ಗಾಳಿಯೇ ಭಾರವಾಗಿ, ಕಂಪನಗಳನ್ನು ಒಂದು ಮಟ್ಟಿಗೆ ಸಾಲಿಗೆ ತರುತ್ತದೆ.

ಮೃದಂಗದ ಬಲಮುಖದ ಕರಣೆ ಮಾತ್ರ ತಾಳ್ಮೆಯ ಕೆಲಸ. ಕಿಟ್ಟದ ಕಲ್ಲಿನ ನುಣ್ಣನೆಯ ಪುಡಿಯನ್ನು ಅನ್ನದೊಂದಿಗೆ ಅರೆದು ತೆಳುವಾಗಿ ಹಚ್ಚಿ, ನಯವಾದ ಕಲ್ಲಿನಿಂದ ಉಜ್ಜಿ, ಒಣಗಿದ ಮೇಲೆ ಮತ್ತೊಂದು ಪದರ. ಹೀಗೆ ಹತ್ತಾರು ಸಲ. ಉಜ್ಜುವುದು ಹೊಳಪಿಗಲ್ಲ. ಒಣಗಿದ ಲೇಪದಲ್ಲಿ ಸೂಕ್ಷ್ಮವಾದ ಬಿರುಕುಗಳ ಜಾಲ ಏಳಬೇಕು. ಬಿರುಕಿಲ್ಲದಿದ್ದರೆ ಕರಣೆ ಗಟ್ಟಿ ಬಿಲ್ಲೆಯಾಗಿ ಚರ್ಮವನ್ನು ಬಾಗಲು ಬಿಡುವುದಿಲ್ಲ. ಬಿರುಕಿದ್ದರೆ ಭಾರವೂ ಉಳಿಯುತ್ತದೆ, ಬಳುಕೂ ಉಳಿಯುತ್ತದೆ. ದಿನವೂ ಪೆಟ್ಟು ತಿನ್ನುತ್ತ ಆ ಬಿರುಕುಗಳ ನಡುವಿನ ಚೂರುಗಳು ಉದುರತೊಡಗಿದಾಗ ‘ನಂ’ ಒಡೆದು ಕೇಳಿಸುತ್ತದೆ. ಹಳೆಯ ಕರಣೆ ತೆಗೆದು ಮೊದಲ ಪದರದಿಂದ ಮತ್ತೆ ಶುರು ಮಾಡಬೇಕು.