ಅಂತರಗಂಗೆಯೆಂಬ ಹೆಸರೂ ಕೆರೆಯ ಕಳೆನಾಶಕವೂ

ಕೆರೆಕುಂಟೆಗಳಲ್ಲಿ ಬೇರು ನೆಲವನ್ನು ಮುಟ್ಟದಂತೆ ನೀರಿನ ಮೇಲೆ ತೇಲುವ ಒಂದು ಗಿಡಕ್ಕೆ ಕನ್ನಡದಲ್ಲಿ ಅಂತರಗಂಗೆಯೆಂದು ಹೆಸರು. ಅಂತರ ಶಬ್ದಕ್ಕೆ ಆಸರೆಯಿಲ್ಲದೆ ನಡುವೆ ನಿಂತುದೆಂಬ ಭಾವವನ್ನು ಹಿಡಿದರೆ ಹೆಸರು ಗಿಡದ ಸ್ವಭಾವಕ್ಕೆ ಚೆನ್ನಾಗಿ ಒಪ್ಪುತ್ತದೆ. (ಕೋಲಾರದ ಬೆಟ್ಟದಲ್ಲಿ ಬಸವನ ಬಾಯಿಂದ ಬೀಳುವ ಅಂತರಗಂಗೆಯು ಬೇರೆ, ಅದು ನೀರಿನ ಬುಗ್ಗೆ.) ಸಂಸ್ಕೃತದಲ್ಲಿ ಇದು ಜಲಕುಂಭಿ, ಸಸ್ಯಶಾಸ್ತ್ರದಲ್ಲಿ ಪಿಸ್ಟಿಯ. ಕೆಸುವಿನ ಬಳಗಕ್ಕೆ ಸೇರಿದುದು. ಎಲೆಗಳು ಮೃದುವಾದ ರೋಮಗಳಿಂದ ಕೂಡಿ ಎಲೆಕೋಸಿನಂತೆ ಸುತ್ತಲೂ ಹರಡಿರುತ್ತವೆ. ಹೂವು ಹುಡುಕಿದರೆ ಮಾತ್ರ ಕಾಣುವಷ್ಟು ಚಿಕ್ಕದು.

ಈಗ ಇದೇ ಹೆಸರಿನಿಂದ ಮತ್ತೊಂದು ಗಿಡವೂ ಕರೆಯಲ್ಪಡುತ್ತಿದೆ. ಊದಿಕೊಂಡ ತೊಟ್ಟು, ನುಣುಪಾದ ಎಲೆ, ನಸುನೇರಿಳೆಯ ಚೆಲುವಾದ ಹೂಗೊಂಚಲು ಇವುಗಳಿಂದ ಅದನ್ನು ದೂರದಿಂದಲೇ ಗುರುತಿಸಬಹುದು. ಅದರ ತವರು ದಕ್ಷಿಣ ಅಮೆರಿಕದ ಅಮೆಜಾನ್ ಪ್ರದೇಶ. ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಬಂಗಾಳಕ್ಕೆ ಬಂದು, ಅಲ್ಲಿ ಕಚುರಿಪಾನವೆಂಬ ಹೆಸರು ಪಡೆದು, ೧೯೩೬ರಲ್ಲಿ ತನ್ನ ನಿರ್ಮೂಲಕ್ಕಾಗಿ ಒಂದು ಶಾಸನವನ್ನೇ ಮಾಡಿಸಿತು. ಹೊಸಬನಿಗೆ ಹಳಬನ ಹೆಸರನ್ನು ಕೊಟ್ಟುದು ಕನ್ನಡಿಗರು ಮಾತ್ರವಲ್ಲ. ಹಿಂದಿಯಲ್ಲಿಯೂ ಜಲಕುಂಭಿಯೆಂಬುದು ಇಂದು ಬಹುಮಟ್ಟಿಗೆ ಇದನ್ನೇ ಸೂಚಿಸುತ್ತದೆ. ವಿದ್ವಾಂಸರ ಲೋಕದಲ್ಲಿಯೂ ಇದರ ಹೆಸರು ನಿಂತುದಿಲ್ಲ: ಮೊದಲು ಪೊಂಟೆಡೇರಿಯ, ೧೮೮೩ರಿಂದ ಐಕಾರ್ನಿಯ, ೨೦೧೮ರಿಂದ ಪುನಃ ಪೊಂಟೆಡೇರಿಯ.

ಹೆಸರಿನ ಈ ಗೊಂದಲವು ನಿಘಂಟುಕಾರನಿಗೆ ಮಾತ್ರ ಸಂಬಂಧಿಸಿದುದೆಂದು ತಿಳಿಯಬಾರದು. ೧೯೪೦ರ ದಶಕದಲ್ಲಿ ೨,೪-ಡಿ ಎಂಬ ಕಳೆನಾಶಕವು ಬಳಕೆಗೆ ಬಂದಿತು. ಇದು ಸಾಮಾನ್ಯವಾಗಿ ದ್ವಿದಳ ಸಸ್ಯಗಳನ್ನು ಕೊಂದು ಹುಲ್ಲಿನ ಜಾತಿಯನ್ನು ಬಿಡುವ ವಸ್ತು. ಅಮೆಜಾನಿನ ಗಿಡವು ಏಕದಳವಾದರೂ ಇದಕ್ಕೆ ಸುಲಭವಾಗಿ ಬಲಿಯಾಗುತ್ತದೆ. ಅದೇಕೆ ಎಂಬ ಕುತೂಹಲ ಸಹಜವಾದುದೇ. ಆದರೆ ನಿಜವಾದ ಅಂತರಗಂಗೆಯ ಮೇಲೆ ಇದರ ಪ್ರಭಾವ ಅತ್ಯಲ್ಪ. ಅದಕ್ಕೆ ಡೈಕ್ವಾಟ್ ಎಂಬ ಬೇರೆ ದ್ರವ್ಯವನ್ನು ಪ್ರಯೋಗಿಸುವುದು ವಾಡಿಕೆ. ಆದುದರಿಂದ ಅಂತರಗಂಗೆಗೆ ಔಷಧವೆಂದು ಕೇಳಿ ತಂದವನು, ಕೆರೆಯಲ್ಲಿ ಯಾವ ಗಿಡವಿದೆಯೆಂಬುದನ್ನು ನೋಡದಿದ್ದರೆ, ಹಣವನ್ನೂ ನೀರನ್ನೂ ಕೆಡಿಸಿದಂತೆಯೇ ಸರಿ. ಸಿಂಪಡಿಸಿದ ನೀರು ಹತ್ತಿ, ದ್ರಾಕ್ಷಿ, ಟೊಮ್ಯಾಟೊ ಬೆಳೆಗಳಿಗೆ ಹರಿದರೆ ಅವು ಮುರುಟಿಹೋಗುವುದೂ ಉಂಟು.

ಸರಿಯಾದ ಔಷಧವಾದರೂ ಇಡೀ ಕೆರೆಗೆ ಒಮ್ಮೆಗೇ ಹೊಡೆಯತಕ್ಕದ್ದಲ್ಲ. ಸತ್ತ ಗಿಡವು ಮುಳುಗಿ ಕೊಳೆಯುವಾಗ ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಮುಗಿಸಿಬಿಡುತ್ತವೆ. ಮೀನುಗಳು ಸಾಯುವುದು ಅನೇಕ ವೇಳೆ ವಿಷದಿಂದಲ್ಲ, ಉಸಿರು ಕಟ್ಟಿ. ಅದಕ್ಕಾಗಿಯೇ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಮುಟ್ಟದೆ, ಎರಡು ವಾರವಾದರೂ ತಡೆದು, ಮುಂದಿನ ಪಾಲಿಗೆ ಕೈಹಾಕುವ ಪದ್ಧತಿ. ಗಿಡವನ್ನು ಅಲ್ಲಿಯೇ ಕೊಂದರೆ ಅದು ಹೀರಿದ್ದ ಸಾರಜನಕವೂ ರಂಜಕವೂ ಮರಳಿ ನೀರಿಗೇ ಸೇರುತ್ತವೆ. ಕೆಸರಿನಲ್ಲಿ ಉಳಿದ ಬೀಜಗಳು ಹದಿನೈದು ಇಪ್ಪತ್ತು ವರ್ಷಗಳ ತರುವಾಯವೂ ಮೊಳೆಯಬಲ್ಲವು. ಊರಿನ ಕೊಳಚೆಯು ಕೆರೆಗೆ ಹರಿಯುತ್ತಿರುವವರೆಗೆ ಈ ಕೆಲಸಕ್ಕೆ ಕೊನೆಯಿಲ್ಲ. ಅಮೆರಿಕದ ಫ್ಲಾರಿಡದವರು ಕೊನೆಯನ್ನೇ ಬಯಸದೆ, ಗಿಡವು ಹಬ್ಬುವ ಮೊದಲೇ ವರ್ಷವಿಡೀ ಅಲ್ಪಸ್ವಲ್ಪ ಸಿಂಪಡಿಸುವ ಕ್ರಮವನ್ನು ೧೯೭೦ರ ದಶಕದಿಂದ ಹಿಡಿದರು. ಒಟ್ಟಿನಲ್ಲಿ ಇದಕ್ಕೆ ತಗಲುವ ಔಷಧವೇ ಕಡಿಮೆ.

ತಪ್ಪು ಹೆಸರಿನಿಂದಾದ ನಷ್ಟಕ್ಕೆ ಸಾಲ್ವಿನಿಯವೆಂಬ ತೇಲುವ ಜರಿಗಿಡದ ಕಥೆಯೂ ಸಾಕ್ಷಿ. ಅದನ್ನು ಬಹುಕಾಲ ಆರಿಕ್ಯುಲೇಟ ಎಂಬ ಸಮೀಪದ ಜಾತಿಯೆಂದೇ ಭ್ರಮಿಸಿ, ಆ ಜಾತಿಯ ಮೇಲೆ ಹಿಡಿದ ಕೀಟಗಳನ್ನು ಆಫ್ರಿಕದಲ್ಲಿ ಬಿಡಲಾಯಿತು, ಫಲ ಕಾಣಲಿಲ್ಲ. ೧೯೭೨ರಲ್ಲಿ ಇದು ಬೇರೆ ಜಾತಿಯೆಂದು ಮೊಲೆಸ್ಟ ಎಂಬ ಹೆಸರು ದೊರೆಯಿತು. ೧೯೭೮ರಲ್ಲಿ ಬ್ರೆಜಿಲಿನ ಆಗ್ನೇಯಭಾಗದಲ್ಲಿ ತವರು ತಿಳಿಯಿತು. ಅಲ್ಲಿಂದ ತಂದ ಪುಟ್ಟ ಮೂತಿಹುಳುವನ್ನು ೧೯೮೦ರಲ್ಲಿ ಆಸ್ಟ್ರೇಲಿಯದ ಮೂಂಡಾರ ಸರೋವರದಲ್ಲಿ ಬಿಡಲು, ಸುಮಾರು ಒಂದು ವರ್ಷದೊಳಗೆ ಸಾವಿರಾರು ಟನ್ ಕಳೆಯು ಅಳಿದುಹೋಯಿತು. ಬೆಂಗಳೂರಿನ ಒಂದು ನೈದಿಲೆಯ ಕೊಳದಲ್ಲಿಯೂ ಅದೇ ಹುಳುವನ್ನು ೧೯೮೩-೮೪ರ ಸುಮಾರಿಗೆ ಬಿಡಲಾಯಿತು. ಹನ್ನೊಂದು ತಿಂಗಳಲ್ಲಿ ಸಾಲ್ವಿನಿಯವು ಕುಸಿದು, ಅದರಡಿಯಲ್ಲಿ ಅಡಗಿದ್ದ ನೈದಿಲೆಯು ಪುನಃ ತಲೆಯೆತ್ತಿತು.